ಹುಬ್ಬಿನ ಗೀರು

ಅಪ್ಪನನ್ನು ಕೊಂದು ಹಾಡಿದ ಮೇಲೆಯೇ ಚೂರಿಗೆ ಹೆಸರು ಬಂದದ್ದು. ಅದಕ್ಕೂ ಮೊದಲು ಅವನ ಹಾಡುಗಳನ್ನು ಕೇಳುತ್ತಿದ್ದವರು ಅವನು ಮತ್ತು ಅವನ ಗೆಳೆಯ ಬೀಟು, ಇಬ್ಬರೇ. ಅದರಲ್ಲೂ ಬೀಟು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದ.

ಚೂರಿ ಎಂಬುದು ವೇದಿಕೆಯ ಹೆಸರು. ಮನೆಯಲ್ಲಿ ಅವನು ಪುಟ್ಟ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕುತ್ತಿಗೆ ತುಂಬ ಹಚ್ಚೆ, ಕತ್ತಲಲ್ಲೂ ಕಪ್ಪು ಕನ್ನಡಕ. ಆದರೂ ಪುಟ್ಟನೇ. ಅವನ ಅಪ್ಪನದು ಒಂದೇ ಕುರ್ಚಿಯ ಕ್ಷೌರದಂಗಡಿ. ಸಾಧು ಮನುಷ್ಯ. ಗಿರಾಕಿಯ ಕಿವಿಯ ಹಿಂದೆ ಕತ್ತಿ ಇಡುವಾಗಲೂ “ಇಡ್ಲಾ?” ಎಂದು ಕೇಳಿಯೇ ಇಡುತ್ತಿದ್ದ. ಇಂಥವನ ಮಗ ರೌಡಿಗಳ ನಡುವೆ ಬೆಳೆದೆ, ರಕ್ತ ಕಂಡೆ ಎಂದೆಲ್ಲ ಹಾಡಿದರೆ ಯಾರು ನಂಬುತ್ತಾರೆ? ಪುಟ್ಟನಿಗೂ ಅದೇ ಚಿಂತೆ.

ಆ ಹಾಡು ಹುಟ್ಟಿದ್ದು ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೀಟು ಕೆಳಗೆ ಒಡೆದ ಪರದೆ ಬದಲಿಸುತ್ತಿದ್ದ, ಮೇಲೆ ತಾಳ ಕಟ್ಟುತ್ತಿದ್ದ. ಗೋಡೆಗೆ ಹಾಸಿಗೆ ನಿಲ್ಲಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟು ಅದನ್ನೇ ಸ್ಟುಡಿಯೋ ಎನ್ನುತ್ತಿದ್ದರು. ಫ್ಯಾನ್ ಹಾಕಿದರೆ ಮೈಕಿಗೆ ಸದ್ದು, ಆರಿಸಿದರೆ ಬೆವರು. ಪುಟ್ಟ ಬನಿಯನ್ನಿನಲ್ಲಿ ನಿಂತು ಹಾಡುತ್ತಿದ್ದ. ಅಲ್ಲಿಯವರೆಗೆ ಅವನು ಬರೆದದ್ದೆಲ್ಲ ತಪ್ಪಿದ ಬಸ್ಸು, ಫೇಲಾದ ಪರೀಕ್ಷೆ, ತಿರುಗಿ ನೋಡದ ಹುಡುಗಿ.

“ಮಗಾ, ಇದೆಲ್ಲ ಚಪ್ಪೆ,” ಎಂದ ಬೀಟು. “ಗ್ಯಾಂಗ್‌ಸ್ಟಾ ರ‍್ಯಾಪ್ ಅಂದ್ಮೇಲೆ ಒಂದು ಹೆಣ ಬೀಳ್ಬೇಕು. ನಿಮ್ಮನೇಲಿ ಯಾರೂ ಸತ್ತಿಲ್ವಾ?”

“ಅಜ್ಜಿ ಸತ್ತಿದಾರೆ.”

“ಹೇಗೆ?”

“ನಿದ್ದೇಲಿ.”

“ಅಜ್ಜಿ ಬೇಡ ಬಿಡು.” ಬೀಟು ಅವನ ಮುಖವನ್ನೇ ನೋಡಿದ. “ಅಲ್ವೋ, ಈ ಹುಬ್ಬಿನ ಮೇಲಿನ ಗೀರು? ಇದ್ಯಾರು ಹಾಕಿದ್ದು?”

ಪುಟ್ಟನ ಎಡ ಹುಬ್ಬಿನ ನಡುವೆ ಓರೆಯಾಗಿ ಒಂದು ಗೀರಿತ್ತು. ಅಲ್ಲಿ ಕೂದಲು ಬರುತ್ತಿರಲಿಲ್ಲ. “ಅದು ಚಿಕ್ಕೋನಿದ್ದಾಗ...” ಎಂದು ಶುರು ಮಾಡಿದವನು ನಿಲ್ಲಿಸಿದ. ಬೀಟುವಿನ ಕಣ್ಣು ಹೊಳೆಯುವುದನ್ನು ಕಂಡು ಅವನ ಕಣ್ಣೂ ಹೊಳೆಯಿತು. ಸ್ವಲ್ಪ ಹೊತ್ತಿಗೆ ಸಾಲು ಸಿದ್ಧವಾಯಿತು:

*ಹುಬ್ಬು ಸೀಳಿದ ಕೈ ಯಾವುದು, ನಂಗೊತ್ತು ಮಗಾ,*
*ಅಪ್ಪನ್ನ ಮುಗಿಸಿದ ಕೈಯೂ ಅದೇ, ಲೆಕ್ಕ ಬಾಕಿ ಮಗಾ.*

ಅಪ್ಪನ ಜಾಗದಲ್ಲಿ ಬೇರೆಯವರನ್ನು ಕೂರಿಸಿ ನೋಡದೆ ಇರಲಿಲ್ಲ. ಚಿಕ್ಕಪ್ಪ ತಾಳಕ್ಕೆ ಉದ್ದವಾದ. ಮಾವ ಸತ್ತರೆ ಯಾರೂ ಅಳುವುದಿಲ್ಲ ಎಂದ ಬೀಟು. ಕೊನೆಗೆ ಅಪ್ಪನೇ ಸರಿಯಾಗಿ ಕೂತ.

ಹಾಡು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಆಟೋಗಳಲ್ಲಿ, ಜಿಮ್ಮುಗಳಲ್ಲಿ, ಕಾಲೇಜಿನ ಹಿಂದಿನ ಬೆಂಚುಗಳಲ್ಲಿ ಅದೇ. ಕಾರ್ಯಕ್ರಮಗಳು ಬಂದವು, ಮ್ಯಾನೇಜರ್ ಬಂದ, ದೊಡ್ಡ ಪಟ್ಟಣದಲ್ಲಿ ಬಾಡಿಗೆಯ ಫ್ಲಾಟ್ ಬಂತು. ಪುಟ್ಟ ವೇದಿಕೆಯ ತುದಿಗೆ ಬಂದು ಹುಬ್ಬು ಮುಟ್ಟಿಕೊಂಡರೆ ಸಾಕು, ಕೆಳಗೆ ನಿಂತ ಸಾವಿರಾರು ಹುಡುಗರು ತಮ್ಮ ತಮ್ಮ ಹುಬ್ಬು ಮುಟ್ಟಿಕೊಳ್ಳುತ್ತಿದ್ದರು. ಸಂದರ್ಶನ ಮಾಡಲು ಬಂದವರು ಅಪ್ಪನ ಸುದ್ದಿ ಎತ್ತಿದರೆ ಅವನು ಕನ್ನಡಕ ಏರಿಸಿಕೊಂಡು, “ಅದೊಂದು ಕೇಳ್ಬೇಡಿ,” ಎನ್ನುತ್ತಿದ್ದ. ಕೇಳಿದವರು ಅದನ್ನು ದುಃಖ ಎಂದುಕೊಂಡರು. ಅದು ನಾಚಿಕೆ. ಆದರೆ ಕಪ್ಪು ಕನ್ನಡಕದ ಹಿಂದೆ ಎರಡೂ ಒಂದೇ ತರ ಕಾಣುತ್ತವೆ.

ಅಮ್ಮ ಮಾತ್ರ ಸುಮ್ಮನಿರುವ ಪೈಕಿ ಅಲ್ಲ. ಹಾಡು ಕೇಳಿದ ದಿನವೇ ಫೋನ್ ಮಾಡಿದಳು.

“ನಿಮ್ಮಪ್ಪನ್ನ ಸಾಯಿಸಿದೀಯಂತಲ್ಲೋ. ಮುಂಚೆನೇ ಒಂದು ಮಾತು ಹೇಳ್ಬಾರ್ದಾ? ಸತ್ತವರಿಗೆ ಮೂರು ಹೊತ್ತು ಊಟ ಹಾಕ್ತಾ ಇದೀನಿ ನಾನು!”

“ಅಮ್ಮಾ, ಅದು ಹಾಡು. ಹಾಡಲ್ಲಿ ಎಲ್ಲ ಹಾಗೇ.”

“ನಿನ್ನ ಬಾಯಿಗೆ ಹುಳ ಬೀಳ! ಸಾಯಿಸೋದಾದ್ರೆ ನನ್ನ ಸಾಯಿಸಬೇಕಿತ್ತು, ಎದ್ದು ಬಂದು ನಿಂಗೆ ಎರಡು ಬಿಡ್ತಿದ್ದೆ. ಅವರು ನೋಡಿದ್ರೆ ಏನೂ ಅನ್ನಲ್ಲ.”

ಅಪ್ಪ ನಿಜಕ್ಕೂ ಏನೂ ಅನ್ನಲಿಲ್ಲ. ಅಂಗಡಿಗೆ ಬಂದ ಗೆಳೆಯರು “ಏನಯ್ಯಾ, ಸತ್ತೆಯಂತೆ?” ಎಂದು ರೇಗಿಸಿದರೆ, “ಸತ್ತ ಅಂತ ಸುದ್ದಿ ಹಬ್ಬಿದ್ರೆ ಆಯುಸ್ಸು ಜಾಸ್ತಿಯಂತೆ,” ಎಂದು ನಕ್ಕು ಕತ್ತರಿ ಆಡಿಸುತ್ತಿದ್ದ. ಹುಡುಗರು ಬಂದು, “ಅಂಕಲ್, ಚೂರಿ ತರ ಹುಬ್ಬಿಗೆ ಒಂದು ಗೀರು ಹಾಕಿ,” ಎಂದು ಕೇಳುತ್ತಿದ್ದರು. ಅಪ್ಪ ಒಬ್ಬೊಬ್ಬನ ಹುಬ್ಬನ್ನೂ ಹೆಬ್ಬೆರಳಲ್ಲಿ ಹಿಡಿದು, ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಗೀರು ತೆಗೆಯುತ್ತಿದ್ದ. ಬೀದಿ ತುಂಬ ಪುಟ್ಟನ ಹುಬ್ಬುಗಳೇ ಓಡಾಡತೊಡಗಿದವು.

ಪುಟ್ಟ ಒಮ್ಮೆ ಧೈರ್ಯ ಮಾಡಿ ಫೋನಿನಲ್ಲಿ ಕೇಳಿದ್ದ. “ಹಾಡು ಕೇಳಿದ್ರಾ ಅಪ್ಪಾ?”

“ಕೇಳ್ದೆ. ಅಂಗಡಿಗೆ ಬರೋ ಹುಡುಗರು ಹಾಕ್ತಿರ್ತಾರೆ.” ಅಪ್ಪ ಕತ್ತರಿ ಕೆಳಗಿಟ್ಟು, “ಚೆನ್ನಾಗಿದೆ ಪುಟ್ಟ. ನೀನು ಅಂದಿದ್ದು ಸರಿಯಾಗೇ ಇದೆ,” ಎಂದ.

ಏನು ಸರಿಯಾಗಿದೆ ಎಂದು ಪುಟ್ಟನಿಗೆ ತಿಳಿಯಲಿಲ್ಲ. ಬೈಸಿಕೊಳ್ಳದೆ ಪಾರಾದೆನಲ್ಲ ಎಂಬ ಖುಷಿಯಲ್ಲಿ ಅವನು ಕೇಳಲೂ ಇಲ್ಲ.

ಆ ಗೀರಿನ ನಿಜ ಇಷ್ಟೇ. ಪುಟ್ಟ ಇನ್ನೂ ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಹಾಕಿ ಕೂರಿಸಬೇಕಾದಷ್ಟು ಚಿಕ್ಕವನಿದ್ದಾಗ ಅಪ್ಪ ಅವನ ಹಣೆಯ ಅಂಚಿನ ಕೂದಲು ತೆಗೆಯುತ್ತಿದ್ದ. “ಅಲುಗಾಡಬೇಡ ಪುಟ್ಟ,” ಎಂದು ಹೇಳಿ, ಬೆಂಚಿನ ಮೇಲೆ ಕೂತವರ ಯಾವುದೋ ಮಾತಿಗೆ ಆ ಕಡೆ ನೋಡಿ ಉತ್ತರ ಕೊಟ್ಟ. ಅದೇ ಹೊತ್ತಿಗೆ ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿಯ ಗಂಟೆ ಕೇಳಿತು. ಪುಟ್ಟ ಗಕ್ಕನೆ ತಿರುಗಿದ. ಕತ್ತಿ ಹುಬ್ಬಿಗೆ ಇಳಿಯಿತು. ಅಪ್ಪ ಅವನನ್ನು ಎತ್ತಿಕೊಂಡು, ಕುತ್ತಿಗೆಯ ಬಟ್ಟೆಯನ್ನೂ ಬಿಚ್ಚದೆ, ಅಂಗಡಿ ತೆರೆದೇ ಬಿಟ್ಟು ಆಸ್ಪತ್ರೆಗೆ ಓಡಿದ್ದ. ಹೊಲಿಗೆ ಹಾಕುವಾಗ ಮಗನಿಗಿಂತ ಜೋರಾಗಿ ಅತ್ತದ್ದು ಅವನೇ.

ಅಂದಿನಿಂದ ಅಪ್ಪ ಮಗನ ತಲೆ ಮುಟ್ಟಲಿಲ್ಲ. “ನನ್ನ ಕೈ ನಂಬೋಕಾಗಲ್ಲ,” ಎಂದು ಅಮ್ಮನಿಗೆ ಹೇಳಿ, ಎರಡು ಬೀದಿ ಆಚೆಯ ಇನ್ನೊಂದು ಅಂಗಡಿಗೆ ಅವನನ್ನು ಕಳಿಸತೊಡಗಿದ. ಸ್ವಂತ ಅಂಗಡಿ ಇಟ್ಟುಕೊಂಡು ಮಗನ ತಲೆಯನ್ನು ಕಂಡವರ ಕೈಗೆ ಕೊಡುತ್ತಾನೆ ಎಂದು ಬೀದಿಯವರು ಆಡಿಕೊಂಡರು. ಪುಟ್ಟನೋ, ಅಪ್ಪನಿಗೆ ತನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡ. ಅಲುಗಾಡಿದ್ದು ತಾನೇ ಎಂದು ಹೇಳಿದರೆ ಏಟು ಬೀಳುತ್ತದೆ ಎಂದು ಬಾಯಿ ಬಿಡಲಿಲ್ಲ. ಆಮೇಲೆ ದೊಡ್ಡವನಾದ, ಮಾತು ಹಳತಾಯಿತು. ಹಳೆಯ ಮಾತನ್ನು ಕೆದಕುವ ಚಾಳಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹೆಸರು ಬಂದ ಮೇಲೆ ಹೊಟ್ಟೆಯುರಿಯುವವರೂ ಬರಬೇಕಲ್ಲ. ಗರಗಸ ಎಂಬ ಇನ್ನೊಬ್ಬ ರ‍್ಯಾಪರ್ ಎದ್ದ. “ಚೂರಿ ಇರೋದು ತರಕಾರಿ ಹೆಚ್ಚೋಕೆ” ಎಂದು ಒಂದು ಹಾಡು ಬಿಟ್ಟ. ಇವನ ಕಥೆಯೆಲ್ಲ ಬುರುಡೆ, ಇವನು ಯಾವ ಬೀದಿಯ ಹುಲಿ ತೋರಿಸಲಿ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಪುಟ್ಟ ಹುಬ್ಬು ಮುಟ್ಟಿ ನೋಡಿಕೊಂಡ. ದೊಡ್ಡ ಸಂಗೀತ ಕಂಪನಿಯೊಂದು ಅವನನ್ನು ಸೇರಿಸಿಕೊಳ್ಳುವ ಮಾತಾಡುತ್ತಿತ್ತು. ಅವರು ಒಂದೇ ಷರತ್ತು ಹಾಕಿದರು: ಚೂರಿ ಹುಟ್ಟಿ ಬೆಳೆದ ಬೀದಿಯಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಬೇಕು, ಗರಗಸನ ಬಾಯಿ ಮುಚ್ಚಬೇಕು. ಮುಚ್ಚಿದರೆ ಚೂರಿ ಎಲ್ಲೆಡೆ ಹಾಡುತ್ತಾನೆ. ಇಲ್ಲವೇ, ಮತ್ತೆ ಬನಿಯನ್ನು, ಮತ್ತೆ ಮೊಬೈಲ್ ಅಂಗಡಿಯ ಮೇಲಿನ ಕೋಣೆ.

ಬೀಟು ಮೊದಲೇ ಬೀದಿಗೆ ಹೋಗಿ ಎಲ್ಲರಿಗೂ ಹೇಳಿ ಬಂದ. ಬೀದಿಯವರನ್ನು ಬೈಯಬೇಡಿ. ಕ್ಯಾಮೆರಾ ಬರುತ್ತದೆ ಎಂದರೆ ಯಾರಿಗೆ ಬೇಡ? ಒಬ್ಬ ಬದುಕಿರುವ ಮನುಷ್ಯನನ್ನು ಅರ್ಧ ದಿನ ಸತ್ತ ಎನ್ನಲು ಇಡೀ ಬೀದಿ ಒಪ್ಪಿತು. ಅಮ್ಮ ಮಾತ್ರ, “ನಾನು ನೋಡೋಕಿರಲ್ಲ,” ಎಂದು ಚಿತ್ರೀಕರಣದ ದಿನ ಬೆಳಿಗ್ಗೆಯೇ ತಂಗಿಯ ಮನೆಗೆ ಹೊರಟುಬಿಟ್ಟಳು. ಅಪ್ಪನಿಗೆ ಪುಟ್ಟನೇ ಫೋನ್ ಮಾಡಿದ್ದ.

“ಅವತ್ತೊಂದಿನ ಅಂಗಡಿ ಮುಚ್ಚಿರ್ತೀರಾ ಅಪ್ಪಾ? ಎಲ್ಲಾದ್ರೂ ಹೋಗಿ ಬನ್ನಿ.”

“ಆಗ್ಲಿ ಪುಟ್ಟ. ಎಲ್ಲಿಗೆ ಹೋಗ್ಲಿ?”

ಎಲ್ಲಿಗೆ ಎಂದು ಪುಟ್ಟ ಯೋಚಿಸಿಯೇ ಇರಲಿಲ್ಲ.

ಕಾರು ಬೀದಿಗೆ ತಿರುಗಿದಾಗ ಅವನು ಮೊದಲು ನೋಡಿದ್ದು ಅಂಗಡಿಯ ಷಟರನ್ನು. ಅದು ಅರ್ಧ ಎದ್ದಿತ್ತು. ಅಪ್ಪ ಮಾತಿಗೆ ತಪ್ಪುವವನಲ್ಲ. ಆದರೆ ಪುಟ್ಟನಿಗೆ ಪಾಠ ಹೇಳಿದ್ದ ಮೇಷ್ಟ್ರಿಗೆ ಲಕ್ವ ಹೊಡೆದು ಬಲಗೈ ಏಳುತ್ತಿರಲಿಲ್ಲ. ವಾರಕ್ಕೊಮ್ಮೆ ಕೋಲೂರಿಕೊಂಡು ಬಂದು ಅಪ್ಪನ ಹತ್ತಿರ ಗಡ್ಡ ತೆಗೆಸಿಕೊಳ್ಳುತ್ತಿದ್ದರು. ಅವತ್ತೂ ಬಂದು, ಮುಚ್ಚಿದ ಷಟರಿನ ಮುಂದೆ ನಿಂತಿದ್ದರು. ಎದುರಿನ ಟೀ ಅಂಗಡಿಯಲ್ಲಿ ಬಚ್ಚಿಟ್ಟುಕೊಂಡವನಂತೆ ಕೂತಿದ್ದ ಅಪ್ಪನಿಗೆ ನೋಡಲಾಗಲಿಲ್ಲ. ಬಂದು ಅಂಗಡಿ ತೆಗೆದ.

ಇತ್ತ ಚಿತ್ರೀಕರಣ ಶುರುವಾಯಿತು. ನಿರ್ದೇಶಕಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎಲ್ಲರ ಕಣ್ಣು ನೋಡಿ ಮಾತಾಡುವ ಹೆಣ್ಣುಮಗಳು. ಅವಳಲ್ಲಿ ಮೋಸವಿರಲಿಲ್ಲ, ಅದೇ ಕಷ್ಟ. ಪುಟ್ಟನ ಕಾಲರಿಗೆ ಮೈಕು ಸಿಕ್ಕಿಸಿ ಬೀದಿಯಲ್ಲಿ ನಡೆಸಿದರು. ಟೈಲರ್ ಅಂಗಡಿಯ ಮುಂದೆ ನಿಲ್ಲಿಸಿದರು.

ಟೈಲರ್‌ಗೆ ಯಾರೂ ಅಳಲು ಹೇಳಿರಲಿಲ್ಲ. ಆದರೆ ಕ್ಯಾಮೆರಾ ತಿರುಗಿದ್ದೇ ತಡ, ಕುತ್ತಿಗೆಯ ಟೇಪಿನಲ್ಲೇ ಕಣ್ಣೊರೆಸಿಕೊಂಡ. “ಚಿನ್ನದಂಥ ಮನುಷ್ಯ ಇವರಪ್ಪ! ಇದೇ ಕಲ್ಲಿನ ಮೇಲೆ ಬಿದ್ದ ಮೇಡಂ. ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ. ನೀರು ನೀರು ಅಂದ...” ಹಿಂದಿನ ಸಂಜೆ ಅದೇ ಮನುಷ್ಯನ ಜೊತೆ ಅದೇ ಕಲ್ಲಿನ ಮೇಲೆ ಕೂತು ಅವನು ಟೀ ಕುಡಿದಿದ್ದ. ಹತ್ತು ಹೆಜ್ಜೆ ಆಚೆ, ಅರ್ಧ ಎದ್ದ ಷಟರಿನ ಕೆಳಗೆ ಅಪ್ಪನ ಚಪ್ಪಲಿ ಹಾಕಿದ ಕಾಲು ಕಾಣುತ್ತಿತ್ತು. ಕಾಲು ಅಲುಗಾಡದೆ ನಿಂತಿತ್ತು. ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದೆ ಎನಿಸಿತು ಪುಟ್ಟನಿಗೆ. ಭೂಮಿ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ.

“ಅಯ್ಯೋ, ಇಲ್ಲೇ ಸಲೂನ್ ಇದೆ!” ಎಂದಳು ನಿರ್ದೇಶಕಿ. “ಸರ್, ಹುಬ್ಬಿನ ಗೀರಿನ ಪಕ್ಕ ಕೂದಲು ಬೆಳೆದಿದೆ ನೋಡಿ. ನಿಮ್ಮ ಬೀದಿಯವರ ಕೈಲೇ ಅದನ್ನ ತಿದ್ದಿಸೋಣ. ತುಂಬಾ ಚೆನ್ನಾಗಿ ಬರುತ್ತೆ.”

“ಬೇಡ,” ಎಂದ ಪುಟ್ಟ. “ಬೇಡ ಮೇಡಂ,” ಎಂದ ಬೀಟು. ಅಷ್ಟರಲ್ಲಿ ಅವಳು ಷಟರ್ ಎತ್ತಿಯಾಗಿತ್ತು.

ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಅರ್ಧ ಮುಖ ಬೋಳಿಸಿತ್ತು, ಇನ್ನರ್ಧ ನೊರೆ ಮೆತ್ತಿತ್ತು. ಅಪ್ಪ ಕ್ಯಾಮೆರಾ ನೋಡಿದ, ಮಗನನ್ನು ನೋಡಿದ, ತಲೆ ತಗ್ಗಿಸಿದ. ನಿರ್ದೇಶಕಿ ಕೈಮುಗಿದು ವಿಷಯ ಹೇಳಿದಳು. ಮೇಷ್ಟ್ರು ಕೋಲಿಗೆ ಎಡಗೈ ಊರಿ ಎದ್ದು, ನೊರೆಯ ಸಮೇತ ಬೆಂಚಿನ ಮೇಲೆ ಕೂತರು.

“ಬನ್ನಿ ಸರ್, ಕೂತ್ಕೊಳ್ಳಿ,” ಎಂದ ಅಪ್ಪ.

ಹುಟ್ಟಿದಾಗಿನಿಂದ ‘ಪುಟ್ಟ’, ‘ನೀನು’ ಎಂದು ಕರೆದ ಬಾಯಿ ಅದು. ‘ಸರ್’ ಎಂಬ ಮಾತು ಪುಟ್ಟನ ಕೆನ್ನೆಗೆ ಬಾರಿಸಿದಂತಾಯಿತು. ಕೂತ. ಅಪ್ಪ ಅವನ ಕುತ್ತಿಗೆಗೆ ಬಟ್ಟೆ ಸುತ್ತಿದ, ಕನ್ನಡಕವನ್ನು ಎರಡೂ ಕೈಯಲ್ಲಿ ಮೆಲ್ಲಗೆ ತೆಗೆದು ಕಪಾಟಿನ ಮೇಲಿಟ್ಟ. ಚರ್ಮದ ಪಟ್ಟಿಗೆ ಕತ್ತಿ ಎಳೆದ. ಹುಬ್ಬಿಗೆ ನೀರು ಹಚ್ಚಿದ ಬೆರಳು ತಣ್ಣಗಿತ್ತು. ಅಷ್ಟು ವರ್ಷಗಳ ಮೇಲೆ ಆ ಬೆರಳು ಆ ಮುಖಕ್ಕೆ ತಾಗಿತ್ತು. ಸಾಬೂನಿನ ವಾಸನೆ, ಪಟಿಕದ ವಾಸನೆ, ಅಪ್ಪನ ತೋಳಿನ ವಾಸನೆ. ಪುಟ್ಟ ಕಣ್ಣು ಮುಚ್ಚಿಕೊಂಡ.

“ಅಲುಗಾಡಬೇಡಿ ಸರ್.”

“ಎಷ್ಟು ವರ್ಷದಿಂದ ಇದೀರಾ ಇಲ್ಲಿ?” ಎಂದು ನಿರ್ದೇಶಕಿ ಪಕ್ಕದಿಂದ ಕೇಳಿದಳು.

“ಮೊದ್ಲಿಂದ್ಲೂ.”

“ಹಾಗಾದ್ರೆ ಇವರ ತಂದೆ ನಿಮಗೆ ಗೊತ್ತಿರ್ಬೇಕು?”

ಕತ್ತಿ ಹುಬ್ಬಿನ ಮೇಲೆ ನಿಂತಿತು. ಬೀಟು ಬಾಗಿಲಲ್ಲಿ ಉಸಿರು ಹಿಡಿದ.

“ಗೊತ್ತಿತ್ತು,” ಎಂದ ಅಪ್ಪ. “ಅಂಥಾ ಶೂರ ಏನಲ್ಲ. ಕಸುಬು ಮಾತ್ರ ಚೆನ್ನಾಗಿ ಬರ್ತಿತ್ತು. ಒಂದೇ ಒಂದ್ಸಲ ಕೈ ತಪ್ಪಿತು ಅವನದು. ಅಪರೂಪದ ಮಗ, ಹಡೆದ ಮಗನಿಗೇ ನೋವು ಮಾಡ್ಬಿಟ್ಟ. ಮಗ ಅದನ್ನ ಮರೀಲಿಲ್ಲ. ಹೇಗೆ ಮರೀತಾನೆ? ದಿನಾ ಕನ್ನಡೀಲಿ ಕಾಣುತ್ತಲ್ಲ.” ಅವನು ಗೀರಿನ ಪಕ್ಕದ ಕೂದಲನ್ನು ಬೆರಳಲ್ಲಿ ಒರೆಸಿದ. “ಆ ಕೈಯೇ ಅಪ್ಪನ್ನ ಮುಗಿಸ್ತು ಅಂತ ಹಾಡಿದಾರಲ್ಲ ಇವರು, ಸರಿಯಾಗೇ ಹಾಡಿದಾರೆ. ಅವತ್ತೇ ಮುಗಿದುಹೋದ ಅವನು.”

ನಿರ್ದೇಶಕಿಗೆ ಅರ್ಥವಾದದ್ದು ಏನೋ, ಅವಳು ತಲೆದೂಗಿದಳು. ಅರ್ಥವಾಗಬೇಕಾದವನಿಗೆ ಅರ್ಥವಾಯಿತು. ಹುಬ್ಬು ಸೀಳಿದ ಕೈಯೇ ಅಪ್ಪನನ್ನು ಮುಗಿಸಿತು ಎಂದು ತಾಳಕ್ಕೆ ಬೇಕೆಂದು ಕಟ್ಟಿದ ಸಾಲನ್ನು ಅಪ್ಪ, ಮಗ ತನಗೆ ಕೊಟ್ಟ ಶಿಕ್ಷೆ ಎಂದುಕೊಂಡಿದ್ದ. ಅದಕ್ಕೇ ಬೈದಿರಲಿಲ್ಲ. ಅದಕ್ಕೇ ಚೆನ್ನಾಗಿದೆ ಎಂದಿದ್ದ. ಆಟೋಗಳಲ್ಲಿ, ಜಿಮ್ಮುಗಳಲ್ಲಿ, ತನ್ನದೇ ಅಂಗಡಿಯ ಬೆಂಚಿನ ಮೇಲೆ, ದಿನವೂ ಆ ಶಿಕ್ಷೆ ಕೇಳಿಸಿಕೊಂಡು, ಹುಡುಗರ ಹುಬ್ಬಿಗೆ ಗೀರು ಹಾಕುತ್ತಾ ಕೂತಿದ್ದ. ತಾನು ಎಂಥವನು ಎಂದು ಪುಟ್ಟನಿಗೆ ಅಂಗಡಿಯ ಕನ್ನಡಿಯಲ್ಲಿ, ಕನ್ನಡಕವಿಲ್ಲದೆ, ಸರಿಯಾಗಿ ಕಾಣಿಸಿತು.

ಅವನು ಗಕ್ಕನೆ ಅಪ್ಪನ ಕಡೆ ತಿರುಗಿದ.

ಕತ್ತಿ ಅಲ್ಲಿರಲಿಲ್ಲ. ಅವನು ತಿರುಗುವ ಮೊದಲೇ ಅಪ್ಪ ಅದನ್ನು ಎತ್ತಿ ದೂರ ಹಿಡಿದಿದ್ದ. ಆ ತಿರುಗುವಿಕೆಗಾಗಿಯೇ ಇಷ್ಟು ವರ್ಷ ಕಾದವನ ಹಾಗೆ ಅವನ ಕೈ ಎಚ್ಚರವಾಗಿತ್ತು.

“ನಿಮ್ಮ ಕೈ ತಪ್ಪಲಿಲ್ಲ ಅಪ್ಪಾ,” ಎಂದ ಪುಟ್ಟ. ಸಾವಿರಾರು ಜನರ ಮುಂದೆ ಗುಡುಗುತ್ತಿದ್ದ ದನಿ ಪಿಸುಮಾತಾಗಿತ್ತು, ಕುತ್ತಿಗೆಯ ಬಟ್ಟೆಯಡಿಯ ಮೈಕಿಗೆ ಅರೆಬರೆಯಾಗಿ ಸಿಕ್ಕಿತು. “ನಾನೇ ತಿರುಗಿದ್ದು. ಐಸ್‌ಕ್ರೀಮ್ ಗಾಡಿ ಬಂತಲ್ಲ, ಅದಕ್ಕೆ. ಬೈತೀರಾ ಅಂತ ಹೇಳ್ಲಿಲ್ಲ.”

ಅಪ್ಪನ ತುಟಿ ಅದುರಿತು. ನಿರ್ದೇಶಕಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, “ಏನಂದ್ರು ಸರ್? ಅಪ್ಪಾ ಅಂದ್ರಾ?” ಎಂದಳು. ಬಾಗಿಲಲ್ಲಿ ಬೀಟು ತಲೆ ಮೇಲೆ ಕೈ ಹೊತ್ತ.

ಅಪ್ಪ ಮಗನನ್ನು ನೋಡಿದ, ಕ್ಯಾಮೆರಾ ನೋಡಿದ, ಬಾಗಿಲಲ್ಲಿ ಕತ್ತು ಉದ್ದ ಮಾಡಿ ನಿಂತ ಬೀದಿಯನ್ನು ನೋಡಿದ. ಆಮೇಲೆ ನಿರ್ದೇಶಕಿಯ ಕಡೆ ತಿರುಗಿ ನಕ್ಕ.

“ಪಾಪ, ತಂದೆ ನೆನಪಾಯ್ತು ಅವರಿಗೆ. ಇದ್ದಿದ್ರೆ ನನ್ನ ವಯಸ್ಸೇ ಆಗ್ತಿತ್ತು. ನನ್ನ ನೋಡಿದ್ರೆ ಹೀಗೇ ಬಾಯಿಗೆ ಬರುತ್ತೆ, ಏನೂ ತಿಳ್ಕೋಬೇಡಿ.”

ಅವಳು ಕಣ್ಣೊರೆಸಿಕೊಂಡಳು. ಬೀಟು ಉಸಿರು ಬಿಟ್ಟ. ಈಗ ಪುಟ್ಟ ಹೇಳಬೇಕಾಗಿದ್ದದ್ದು ಎರಡೇ ಮಾತು: ‘ಇವರೇ ನಮ್ಮಪ್ಪ’. ಅದಕ್ಕೆ ತಾಳ ಬೇಕಿರಲಿಲ್ಲ, ಪ್ರಾಸ ಬೇಕಿರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಕಂಪನಿ ನೆನಪಾಯಿತು, ಗರಗಸ ನೆನಪಾದ, ಹುಬ್ಬು ಮುಟ್ಟಿಕೊಳ್ಳುವ ಸಾವಿರಾರು ಕೈಗಳು ನೆನಪಾದವು. ನಾಳೆ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಪ್ಪ ಅವನಿಗಾಗಿ ಬಾಗಿಲು ತೆರೆದು ಹಿಡಿದಿದ್ದ, ಅವನು ತಲೆ ತಗ್ಗಿಸಿ ಅದರಲ್ಲಿ ನುಸುಳಿ ಪಾರಾದ. ಸುಮ್ಮನೆ ಕನ್ನಡಿಯ ಕಡೆ ಮುಖ ತಿರುಗಿಸಿ ಕೂತ.

ಅಪ್ಪ ಉಳಿದ ನಾಲ್ಕು ಕೂದಲು ತೆಗೆದ. ಗೀರಿನ ಮೇಲೆ ಪಟಿಕ ತೀಡಿದ. ಗಾಯವೇ ಇರಲಿಲ್ಲ, ಆದರೂ ತೀಡಿದ. ಆಮೇಲೆ ಹೆಬ್ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟ. ಕ್ಯಾಮೆರಾಕ್ಕೆ ಅದು ಕಂಡಿರಲಿಕ್ಕಿಲ್ಲ. ಬಟ್ಟೆ ಬಿಚ್ಚಿ ಕೊಡವಿ, “ಆಯ್ತು ಸರ್, ಏಳಿ,” ಎಂದ.

“ಅದ್ಭುತವಾಗಿ ಬಂತು,” ಎಂದಳು ನಿರ್ದೇಶಕಿ. “ಇನ್ನು ಯಾರೂ ಬಾಯಿ ತೆಗೆಯಲ್ಲ ಸರ್.”

ಪುಟ್ಟ ಕಪಾಟಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಬಾಗಿಲಿಗೆ ಹೋಗಬೇಕಾದರೆ ಬೆಂಚು ದಾಟಬೇಕು. ಬೆಂಚಿನ ಮೇಲೆ ಮೇಷ್ಟ್ರು ಕೋಲಿಗೆ ಗಲ್ಲ ಊರಿ ಕೂತಿದ್ದರು. ಅರ್ಧ ಮುಖದ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಅವನು ಕೈಮುಗಿದ. ಮೇಷ್ಟ್ರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ನಿಮ್ಮ ತಂದೆ ಹೋಗ್ಬಿಟ್ರಂತೆ,” ಎಂದರು ಮೆಲ್ಲಗೆ. “ವಾರ ವಾರ ಇಲ್ಲಿಗೆ ಬರ್ತೀನಿ, ನಂಗೆ ಗೊತ್ತೇ ಆಗ್ಲಿಲ್ಲ ನೋಡಪ್ಪಾ. ತುಂಬಾ ಒಳ್ಳೆ ಮನುಷ್ಯ.”

ಅಪ್ಪ ಗೋಡೆಯ ಕಡೆ ತಿರುಗಿ ಬ್ರಷ್ಷಿನಲ್ಲಿ ಹೊಸ ನೊರೆ ಏಳಿಸುತ್ತಿದ್ದ. ಬ್ರಷ್ಷಿನ ಸದ್ದು ನಿಂತಿತು. ಪುಟ್ಟನ ಕಾಲರಿನಲ್ಲಿ ಮೈಕು ಇನ್ನೂ ಆನ್ ಇತ್ತು, ನಿರ್ದೇಶಕಿಯ ಕಿವಿಯಲ್ಲಿ ಹೆಡ್‌ಫೋನ್ ಇನ್ನೂ ಇತ್ತು.

“ಹೌದು ಮೇಷ್ಟ್ರೇ,” ಎಂದ ಪುಟ್ಟ. “ತುಂಬಾ ಒಳ್ಳೆಯವರು.”